ಅಣ್ಣನ ಹೆಸರಿನಲ್ಲಿ ತಮ್ಮನ ಎದೆ

ಗೇಟು, ಕಿಟಕಿ ಬೆಸೆಯುವ ಶೆಡ್ಡಿನಲ್ಲಿ ದುಡಿದು ದುಡಿದು ಅಣ್ಣನ ಎದೆಯಲ್ಲಿ ಹೊಗೆ ಮನೆಮಾಡಿಕೊಂಡಿದೆ ಎನ್ನುವುದರಲ್ಲಿ ಮನೆಯವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಸಿಗೆ ಬಿಟ್ಟು ಏಳುವಾಗಲೇ ಅವನ ಕೆಮ್ಮು ಶುರು. ತಮ್ಮನೋ ಗುಂಡುಕಲ್ಲು. ಹಿಟ್ಟಿನ ಗಿರಣಿ ನಡೆಸುವವನು, ಸಂಜೆ ಮನೆಗೆ ಬಂದರೆ ಕಣ್ಣಿನ ರೆಪ್ಪೆಯೂ ಬೆಳ್ಳಗೆ. ಅವನೂ ಕೆಮ್ಮುತ್ತಿದ್ದ, ಅದನ್ನು ಯಾರು ಲೆಕ್ಕಕ್ಕೆ ಹಿಡಿಯಬೇಕು? "ಹಿಟ್ಟು ತಿನ್ನೋ ವಸ್ತು. ಬಾಯಿಗೆ ಹೋದ್ರೇನು, ಮೂಗಿಗೆ ಹೋದ್ರೇನು," ಎನ್ನುತ್ತಿದ್ದಳು ತಾಯಿ. ಅವಳ ಬಾಯಿಂದ ಬಂದ ಮೇಲೆ ಆ ಮನೆಯಲ್ಲಿ ಎರಡು ಮಾತಿಲ್ಲ.

ಶೆಡ್ಡು ಬಾಗಿಲು ಹಾಕಿದ ಮೇಲೆ ಅಣ್ಣನಿಗೆ ಹೊರದೇಶದ ಹಡಗುಕಟ್ಟೆಯಲ್ಲಿ ಎರಡು ವರ್ಷದ ವೆಲ್ಡಿಂಗ್ ಕೆಲಸ ಗೊತ್ತಾಯಿತು. ಗಿರಣಿಯೊಂದನ್ನೇ ನೆಚ್ಚಿಕೊಂಡಿದ್ದ ಮೂವರಿಗೂ ಹೋದ ಜೀವ ಬಂದಂತಾಯಿತು. ಉಳಿದದ್ದು ಒಂದೇ ಗಂಡಾಂತರ, ಎದೆಯ ಎಕ್ಸ್‌ರೇ. ಅದರಲ್ಲಿ ಕಲೆ ಕಂಡರೆ ಕೆಲಸದ ಆಸೆ ಅಲ್ಲಿಗೇ ಬಿಡಬೇಕು.

ಉಪಾಯ ಹೇಳಿದವಳು ತಾಯಿ. "ಇಬ್ರದ್ದೂ ಒಂದೇ ಅಚ್ಚು. ನಿನ್ನ ಬದಲು ಚಿಕ್ಕವನು ಹೋಗಿ ನಿಂತು ಬರಲಿ."

ತಮ್ಮ ನಕ್ಕು ಒಪ್ಪಿದ. ಪಾಸ್‌ಪೋರ್ಟಿನ ಫೋಟೋದಲ್ಲಿ ಅಣ್ಣನಿಗಿದ್ದಂಥದೇ ಮೀಸೆ ಬಿಟ್ಟ. ಆಸ್ಪತ್ರೆಗೆ ಹೋಗಿ, ಅಂಗಿ ಬಿಚ್ಚಿ, ತಣ್ಣನೆಯ ತಗಡಿಗೆ ಎದೆ ಒತ್ತಿ ನಿಂತು ಬಂದ. "ಅಣ್ಣಾ, ನಿನ್ನ ಹೆಸರಲ್ಲಿ ಉಸಿರು ಕಟ್ಟಿ ಬಂದಿದೀನಿ. ಅಲ್ಲಿ ಹೋದ್ಮೇಲೆ ನನ್ನ ಮರೀಬೇಡ," ಎಂದು ಛೇಡಿಸಿದ.

ಮರುದಿನ ಆ ಕೆಲಸ ಗೊತ್ತುಮಾಡಿದ್ದ ಏಜೆಂಟು ಅಣ್ಣನನ್ನು ಆಫೀಸಿಗೆ ಕರೆಸಿ, ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದ. "ನೋಡಪ್ಪ. ಎಡಗಡೆ ಕಲೆ. ಸಣ್ಣದೇನಲ್ಲ."

ಅಣ್ಣನಿಗೆ ಮೊದಲು ಹೊಳೆದದ್ದು ಮಷೀನಿನ ತಪ್ಪು ಎಂದೇ. ಗುಂಡುಕಲ್ಲಿನಂಥ ಹುಡುಗನಿಗೆ ಎಲ್ಲಿಯ ಕಲೆ? "ಇನ್ನೊಂದ್ಸಲ ತೆಗೆಸ್ಲಾ?" ಎಂದು ಅಂಗಲಾಚಿದ. ಏಜೆಂಟು ಗೊಣಗುತ್ತಲೇ ಚೀಟಿ ಬರೆದುಕೊಟ್ಟ. ಈ ಸಲ ಅಣ್ಣನೇ ಹೋದ. ಕೆಲಸವಂತೂ ಕೈತಪ್ಪಿಯೇ ಆಗಿದೆ, ಮುಚ್ಚಿಡುವುದೇನು ಉಳಿದಿದೆ ಎಂಬ ಮೊಂಡು ಧೈರ್ಯ. ಅದೇ ತಗಡು, ಅದೇ ಮಷೀನು. ಬಂದ ಫಿಲ್ಮಿನಲ್ಲಿ ಕಲೆಯ ಸುಳಿವೇ ಇರಲಿಲ್ಲ.

"ಹಣೆಬರಹ ಚೆನ್ನಾಗಿದೆ ನಿಂದು," ಎಂದು ಏಜೆಂಟು ಬೆನ್ನು ತಟ್ಟಿದ.

ಅಣ್ಣನಿಗೆ ಖುಷಿಯಾಯಿತು. ಇದನ್ನು ಹೇಳದೆ ಬಿಟ್ಟರೆ ಅವನ ಕಥೆ ಹೇಳಿದಂತಾಗುವುದಿಲ್ಲ. ಮೆಟ್ಟಿಲಿಳಿದು ಬೀದಿಗೆ ಬರುವವರೆಗೂ ಖುಷಿಯೇ. ಬೀದಿಗೆ ಬಂದ ಮೇಲೆ, ಹಾಗಾದರೆ ಮೊದಲಿನದು ಯಾರ ಎದೆ ಎಂಬುದು ತಲೆಗೆ ಹೊಕ್ಕಿತು. ಅಂಗಡಿಯೊಂದರ ಕಟ್ಟೆಯ ಮೇಲೆ ಕುಕ್ಕರಿಸಿದ. ತನ್ನ ಮೇಲೇ ಹೇಸಿಗೆಯಾಯಿತು ಅವನಿಗೆ.

ಮನೆಯಲ್ಲಿ "ಪಾಸಾಯ್ತು" ಎಂದಷ್ಟೇ ಹೇಳಿದ. ಹೇಳಿದರೆ ತಾಯಿ ಎದೆ ಒಡೆದುಕೊಳ್ಳುತ್ತಾಳೆ, ತನ್ನ ಪ್ರಯಾಣ ನಿಲ್ಲುತ್ತದೆ. ಹೇಳದಿದ್ದರೆ ತಮ್ಮ ನಾಳೆಯೂ ಗಿರಣಿಗೆ ಹೋಗಿ ಅದೇ ಹಿಟ್ಟು ಎಳೆದುಕೊಳ್ಳುತ್ತಾನೆ. ಟ್ರಂಕಿಗೆ ಬಟ್ಟೆ ತುಂಬುವಾಗ, ಬೂಟಿಗೆ ಎಣ್ಣೆ ಸವರುವಾಗ, ಉಣ್ಣುವಾಗ, ಹೇಳಹೋಗಿ ಬೇರೇನೋ ಹೇಳಿಬಿಡುತ್ತಿದ್ದ. ಗೋಡೆಯಾಚೆಯಿಂದ ತಮ್ಮನ ಕೆಮ್ಮು ಈಗ ಮಾತ್ರ ಅವನಿಗೆ ಕೇಳುತ್ತಿತ್ತು. ಇಷ್ಟು ವರ್ಷ ಕಿವಿಗೇನು ಹತ್ತಿ ತುರುಕಿಕೊಂಡಿದ್ದನೋ!

ಹೊರಡುವ ದಿನ ತಮ್ಮ ಟ್ರಂಕನ್ನು ಹೆಗಲಿಗೇರಿಸಿ ಮಹಡಿಯಿಂದ ಇಳಿದ. ಕೊನೆಯ ತಿರುವಿನಲ್ಲಿ ಗೋಡೆಗೆ ಒರಗಿ ನಿಂತುಬಿಟ್ಟ. ಏದುಸಿರು ಬಿಡುತ್ತಲೇ ಹಲ್ಲು ಕಿರಿದ. "ಏನಣ್ಣ, ಶೆಡ್ಡನ್ನೇ ತುಂಬ್ಕೊಂಡಿದೀಯಾ?"

"ಇಳಿಸು," ಎಂದ ಅಣ್ಣ. "ಇಳಿಸು ಅಂದೆ. ಆ ಮೊದ್ಲ ಫಿಲ್ಮಲ್ಲಿ ಕಲೆ ಇತ್ತು ಕಣೋ. ಎಡಗಡೆ. ನಾನು ಹೋಗಿ ನಿಂತಾಗ ಇರ್ಲಿಲ್ಲ."

ತಮ್ಮ ಟ್ರಂಕಿಳಿಸಿ ಅದರ ಮೇಲೇ ಕೂತ. ಬಿಟ್ಟ ಮೀಸೆಯನ್ನು ಇನ್ನೂ ತೆಗೆದಿರಲಿಲ್ಲ; ಅದರ ಮೇಲೆ ಬೆರಳಾಡಿಸಿದ.

"ಅಮ್ಮಂಗೆ ಗೊತ್ತಾ?"

"ಇಲ್ಲ. ನಾನು ಹೋಗಲ್ಲ. ನಡಿ, ಡಾಕ್ಟ್ರ ಹತ್ರ ಹೋಗೋಣ."

"ಡಾಕ್ಟ್ರ ಹತ್ರ ನಾನೇ ಹೋಗ್ತೀನಿ. ಗಿರಣಿ ಮುಚ್ಚು ಅಂತಾರೆ, ಮುಚ್ತೀನಿ. ಆಮೇಲೆ ಔಷಧಿಗೆ ಯಾರು ದುಡೀತಾರೆ? ನಿನ್ನೆವರೆಗೂ ನೀನು ಹೋಗದಿದ್ರೂ ನಡೀತಿತ್ತು. ಈಗ ಹೋಗಲೇಬೇಕು." ತಮ್ಮನ ದನಿಯಲ್ಲಿ ಕೋಪವಿರಲಿಲ್ಲ, ಅದನ್ನೇ ಅಣ್ಣನಿಗೆ ತಡೆಯಲಾಗಲಿಲ್ಲ.

ಅಣ್ಣ ಅವನನ್ನು ಎಬ್ಬಿಸಿ, ಬಗ್ಗಿ ಟ್ರಂಕನ್ನು ತಾನೇ ಎತ್ತಿಕೊಂಡು ಬೀದಿಗೆ ಬಂದ. ಮೇಲಿನ ಕಿಟಕಿಯಲ್ಲಿ ತಾಯಿ ನಿಂತಿದ್ದಳು.

"ಏ ಚಿಕ್ಕವನೇ, ಕೈ ಬೀಸ್ಕೊಂಡು ಬರ್ತಿದೀಯಲ್ಲ, ನಾಚಿಕೆ ಆಗಲ್ವಾ? ಇಸ್ಕೊಳೋ. ಅವನ ಎದೆ ಸರಿಯಿಲ್ಲ."

ಅಣ್ಣ ಬಿಗಿಯಾಗಿ ಹಿಡಿದುಕೊಂಡ. ತಮ್ಮ ಅವನ ಬೆರಳುಗಳನ್ನು ಬಿಡಿಸಿದ. "ಕೊಡಣ್ಣ, ಅಮ್ಮ ನೋಡ್ತಿದಾಳೆ," ಎಂದು ಟ್ರಂಕನ್ನು ಹೆಗಲಿಗೇರಿಸಿಕೊಂಡು ಮುಂದೆ ನಡೆದ.