ಸುಡದ ಪಂಪು

ಪಂಪು ತಯಾರಿಸುವ ಆ ದೊಡ್ಡ ಕಂಪನಿಯಲ್ಲಿ ಅವಳನ್ನು ಎಲ್ಲರೂ ಪ್ರಯೋಗದಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ಅದು ಗೇಲಿಯ ಹೆಸರು. ಎರಕದ ಶೆಡ್ಡಿನ ಹಿಂದೆ ಮುರಿದ ಕುರ್ಚಿ ತುಂಬಿಡುತ್ತಿದ್ದ ಉಗ್ರಾಣವೊಂದಿತ್ತು. ದೊಡ್ಡ ಯಜಮಾನರು ಅದನ್ನು ಖಾಲಿ ಮಾಡಿಸಿ ಬೀಗದ ಕೈಯನ್ನು ಅವಳಿಗೆ ಕೊಟ್ಟರು.

"ನಮ್ಮಪ್ಪ ಮಾಡಿದ ಪಂಪನ್ನೇ ಇನ್ನೂ ಮಾರ್ತಾ ಕೂತಿದೀವಿ. ನಾನು ಹೋದ ಮೇಲೂ ಇಲ್ಲಿ ಹೊಸದು ಹುಟ್ತಾ ಇರಬೇಕು, ಹಾಗೆ ಏನಾದ್ರೂ ಮಾಡಮ್ಮ" ಎಂದರು.

ಅವಳು ಇಂಜಿನಿಯರು. ಮಾತು ಕಡಿಮೆ, ಹಟ ಜಾಸ್ತಿ. ನಾಲ್ಕು ಜನ ಬುದ್ಧಿವಂತರನ್ನು ಆರಿಸಿ ಒಂದು ಕೋಣೆಯಲ್ಲಿ ಕೂಡಿಹಾಕಿದರೆ ಕಂಪನಿ ಬದಲಾಗುವುದಿಲ್ಲ ಎಂಬುದು ಅವಳ ನಂಬಿಕೆ. ಎರಕದವರಾಗಲಿ, ಮಾರಾಟದವರಾಗಲಿ, ಲೆಕ್ಕಪತ್ರದವರಾಗಲಿ, ಕೆಲವು ತಿಂಗಳು ಉಗ್ರಾಣಕ್ಕೆ ಬಂದು ತಮಗೆ ತೋಚಿದ್ದನ್ನು ಮಾಡಿ ನೋಡಬೇಕು, ಆಮೇಲೆ ತಮ್ಮ ಜಾಗಕ್ಕೇ ಮರಳಬೇಕು ಎಂದು ನಿಯಮ ಮಾಡಿದಳು. ಮಾಡಿದ್ದು ಕೆಟ್ಟರೆ ಬೈಗುಳವಿಲ್ಲ. ಯಾಕೆ ಕೆಟ್ಟಿತೆಂದು ಎಲ್ಲರ ಮುಂದೆ ಹೇಳಬೇಕು, ಅಷ್ಟೇ. ಮುಖ್ಯಸ್ಥರೆಲ್ಲ ಮೂಗು ಮುರಿದರು. ಮೊದಲ ವರ್ಷ ಅವರು ಕಳಿಸಿದ್ದು ತಮಗೆ ಬೇಡವಾದವರನ್ನೇ.

ಆದರೆ ಹಾಗೆ ಬಂದು ಹೋದವರು ಮೊದಲಿನಂತೆ ಉಳಿಯಲಿಲ್ಲ. ಪ್ಯಾಕಿಂಗಿನವರು ಪೆಟ್ಟಿಗೆಯ ಹಿಡಿ ಬದಲಿಸಿದರು. ಎರಕದವರು ಅಚ್ಚಿನ ಮರಳನ್ನೇ ಬದಲಿಸಿದರು. ಅವಳನ್ನು ಒಂದು ಮಾತೂ ಕೇಳಲಿಲ್ಲ. ಕೇಳಲಿಲ್ಲವೆಂದೇ ಅವಳಿಗೆ ಹಿಗ್ಗು.

ದೂರು ವಿಭಾಗದಿಂದ ಬಂದವಳೊಬ್ಬಳಿದ್ದಳು. ದಿನವಿಡೀ ಫೋನಿನಲ್ಲಿ ಗ್ರಾಹಕರ ಬೈಗುಳ ಕೇಳಿ ಕೇಳಿ ಕಿವಿ ಗಟ್ಟಿಯಾದವಳು. ಅವಳಿಗೆ ಒಂದೇ ಹುಚ್ಚು: ತೊಟ್ಟಿಯಲ್ಲಿ ನೀರು ಮುಗಿದರೂ ಓಡಿ ಓಡಿ ಸುಟ್ಟುಹೋಗುವ ಪಂಪು ತಾನಾಗಿಯೇ ನಿಲ್ಲಬೇಕು, ಅದೂ ಬಡವರ ಮನೆಗೂ ಎಟುಕುವ ಹಾಗಿರಬೇಕು. ಮೊದಲು ಮಾಡಿದ್ದು ನೀರಿದ್ದಾಗಲೇ ನಿಂತಿತು. ಎರಡನೆಯದು ನಿಲ್ಲಲೇ ಇಲ್ಲ. ಉಗ್ರಾಣದ ತುಂಬ ಹೊಗೆ.

"ಅಕ್ಕಾ, ಈ ಸಲ ನನ್ನ ಮೇಲೆ ನಾನೇ ದೂರು ಬರ್ಕೋಬೇಕು" ಎಂದು ಕೆಮ್ಮುತ್ತಲೇ ನಕ್ಕಳು.

ನಗದವನು ಬಿಡಿಭಾಗಗಳ ಮುಖ್ಯಸ್ಥನೊಬ್ಬನೇ. ಸುಟ್ಟ ಪಂಪುಗಳ ರಿಪೇರಿಯಿಂದಲೇ ಅವನ ವಿಭಾಗ ಹೊಟ್ಟೆ ಹೊರೆಯುತ್ತಿತ್ತು. ಪಂಪು ಸುಡದಿದ್ದರೆ ತನ್ನ ಹುಡುಗರೇನು ಮಣ್ಣು ತಿನ್ನಬೇಕೇ ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳಿಸುವಂತೆ ಕೂಗಾಡಿದ. ಯಜಮಾನರು ಇರುವ ತನಕ ಅವನ ಬೇಳೆ ಬೇಯಲಿಲ್ಲ.

ಆಮೇಲೆ ಯಜಮಾನರಿಗೆ ಲಕ್ವ ಹೊಡೆಯಿತು. ಅವರ ಜಾಗಕ್ಕೆ ಹೊರಗಿನಿಂದ ಬಂದ ಎಂ.ಡಿ. ಹೊಸತನದ ವೈರಿಯೇನಲ್ಲ, ಆ ಮಾತು ಆಡದೆ ಅವರಿಗೆ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ಉಗ್ರಾಣಕ್ಕೆ ಬೀಗ ಬಿತ್ತು. ಮುಖ್ಯ ಕಟ್ಟಡದ ಬಾಗಿಲಲ್ಲೇ ಗಾಜಿನ ಹಾಲ್ ಎದ್ದಿತು. ಒಳಗೆ ಬಣ್ಣಬಣ್ಣದ ಮೆತ್ತೆ, ಕೂತು ಯೋಚಿಸುವುದಕ್ಕೆ ಉಯ್ಯಾಲೆ. ಪ್ರಯೋಗದಕ್ಕ ಅದರ ನಿರ್ದೇಶಕಿಯಾದಳು. ಜನ ಬಂದು ಹೋಗುವ ಪದ್ಧತಿ ಮಾತ್ರ ನಿಂತಿತು. ವಿಭಾಗಗಳಿಗೆ ಜನರನ್ನು ಬಿಟ್ಟುಕೊಡಲು ಪುರಸೊತ್ತಿಲ್ಲವಂತೆ. ಏನೇ ಹೊಳೆದರೂ ಇನ್ನು ಸಮಿತಿಯ ಮುಂದೆ ಬರಬೇಕು. ಸಮಿತಿಯಲ್ಲಿ ಎಂ.ಡಿ. ಮತ್ತು ಪ್ರಯೋಗದಕ್ಕನ ಜೊತೆ ಬಿಡಿಭಾಗದವನೂ ಕೂತಿದ್ದ.

ಫೋನಿನಲ್ಲಿ ಆ ಗಾಜಿನ ಹಾಲ್‌ನ ಫೋಟೋ ನೋಡಿದ ಪ್ರಯೋಗದಕ್ಕನ ಅತ್ತೆ, "ಉಯ್ಯಾಲೆ ಎಷ್ಟು ಜೀಕಿದ್ರೂ ಊರು ಸೇರಲ್ಲ ಕಣಮ್ಮ" ಎಂದರು. ಸೊಸೆಗೆ ಸಿಟ್ಟು ಬಂತು. ಅತ್ತೆ ಹೇಳಿದ್ದು ಸುಳ್ಳಾಗಿದ್ದರೆ ಬರುತ್ತಿರಲಿಲ್ಲ.

ತನ್ನ ವಿಭಾಗಕ್ಕೆ ಮರಳಿದ್ದ ದೂರಿನವಳು ಬಿಡುವಿನಲ್ಲೇ ಮಾಡಿದ ಮೂರನೆಯ ಪಂಪು ಗೆದ್ದಿತು. ಅದು ಸಮಿತಿಗೆ ಬರುವ ದಿನ ಬೆಳಿಗ್ಗೆ ಎಂ.ಡಿ. ಪ್ರಯೋಗದಕ್ಕನನ್ನು ಕರೆಸಿ, ಕಾಫಿ ತರಿಸಿ, ಇದೊಂದನ್ನು ಕೈಬಿಟ್ಟರೆ ಮುಂದಿನ ವರ್ಷ ಅವಳ ಹಳೆಯ ಪದ್ಧತಿಯನ್ನು ಮತ್ತೆ ಶುರು ಮಾಡಿಸುವುದಾಗಿ ಹೇಳಿದರು. ಒಂದು ಪಂಪು ಹೋದರೆ ಹೋಗಲಿ, ಪಂಪು ಹುಟ್ಟುವ ಜಾಗ ಉಳಿಯಲಿ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೊದಲ ವರ್ಷ ಲಾಭವೆಷ್ಟು ಎಂದು ಸಮಿತಿ ಕೇಳಿತು. ರಿಪೇರಿ ತಗ್ಗುವುದರಿಂದ ಮೊದಲ ವರ್ಷ ನಷ್ಟವೇ ಎಂದು ದೂರಿನವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಿಡಿಭಾಗದವನು ನಿಟ್ಟುಸಿರು ಬಿಟ್ಟು, ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಳ್ಳುವುದು ಯಾವ ಹೊಸತನ ಎಂದ. ಬೇಡ ಎನ್ನುವವರು ಕೈ ಎತ್ತಬೇಕಾಯಿತು. ಪ್ರಯೋಗದಕ್ಕನ ಕೈಯೂ ಎದ್ದಿತು. ದೂರಿನವಳು ಆ ಕೈಯನ್ನೇ ನೋಡಿದಳು, ಮುಖ ನೋಡಲಿಲ್ಲ. ಪಂಪಿಗೆ ಬಟ್ಟೆ ಸುತ್ತಿಕೊಂಡು ಹೊರಟಳು. ವಾರದೊಳಗೆ ಕೆಲಸ ಬಿಟ್ಟಳು.

ಮುಂದಿನ ವರ್ಷ ಬಂತು, ಪದ್ಧತಿ ಬರಲಿಲ್ಲ. ಬಂದದ್ದು ಎದುರಾಳಿ ಕಂಪನಿಯ ಜಾಹೀರಾತು: ನೀರು ಮುಗಿದರೆ ತಾನೇ ನಿಲ್ಲುವ ಪಂಪು. ಎಂ.ಡಿ. ಎಲ್ಲರನ್ನೂ ಕೂರಿಸಿಕೊಂಡು, ನಮ್ಮಲ್ಲಿ ಯಾರ ತಲೆಗೂ ಇದು ಹೊಳೆಯಲೇ ಇಲ್ಲವೇ ಎಂದು ಕೇಳಿದರು. ಬಿಡಿಭಾಗದವನು ಫ್ಯಾನು ನೋಡುತ್ತಿದ್ದ.

"ಹೊಳೆದಿತ್ತು ಸಾರ್" ಎಂದಳು ಪ್ರಯೋಗದಕ್ಕ. "ನಾವೇ ಕೈ ಎತ್ತಿ ಬೇಡ ಅಂದ್ವಿ. ನೀವೂ ಎತ್ತಿದ್ರಿ, ನಾನೂ ಎತ್ತಿದೆ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಿತ್ತು ಆ ಮಾತು. ತಿಂಗಳು ಕಳೆಯುವುದರೊಳಗೆ ಗಾಜಿನ ಹಾಲ್ ಗ್ರಾಹಕರು ಕಾಯುವ ಕೋಣೆಯಾಯಿತು. ಅವಳನ್ನು ತರಬೇತಿ ವಿಭಾಗಕ್ಕೆ ಹಾಕಿದರು. ಜನ ಎದುರಾಳಿಯ ಪಂಪಿನ ಕಡೆ ಹೊರಳಿದ್ದರಿಂದ ರಿಪೇರಿ ಹೇಗೂ ನಿಂತಿತು. ಬಿಡಿಭಾಗದ ಹುಡುಗರಲ್ಲಿ ಅರ್ಧಕ್ಕರ್ಧ ಮನೆಗೆ ಹೋದರು. ಅವರ ಮುಖ್ಯಸ್ಥನಿಗೆ ಮಾತ್ರ ಬಡ್ತಿ ಸಿಕ್ಕಿತು.

ಒಂದು ಭಾನುವಾರ ಅವಳು ಧೈರ್ಯ ಮಾಡಿ ಎದುರಾಳಿ ಕಂಪನಿಯಲ್ಲಿದ್ದ ದೂರಿನವಳಿಗೆ ಫೋನ್ ಮಾಡಿದಳು. ಕ್ಷೇಮಸಮಾಚಾರವಾಯಿತು. ಅಲ್ಲಿ ತನಗೇನಾದರೂ ಕೆಲಸವಿದೆಯೇ ಎಂದು ತಡವರಿಸುತ್ತಲೇ ಕೇಳಿದಳು.

"ಕೆಲಸ ಇದೆ ಮೇಡಂ. ನಾನು ಹೇಳಿದ್ರೆ ಕೊಡ್ತಾರೆ ಕೂಡ. ಆದ್ರೆ ದಿನಾ ನಿಮ್ಮ ಪಕ್ಕ ಕೂರೋಕೆ ನನ್ನಿಂದ ಆಗಲ್ಲ."

"ಸರಿ ಕಣಮ್ಮ" ಎಂದು ಪ್ರಯೋಗದಕ್ಕ ಫೋನ್ ಇಟ್ಟಳು. ಯಾರದು ಎಂದು ಅತ್ತೆ ಒಳಗಿನಿಂದ ಕೇಳಿದ್ದಕ್ಕೆ ರಾಂಗ್ ನಂಬರ್ ಎಂದಳು.

ಮರುದಿನ ಹೊಸದಾಗಿ ಸೇರಿದವರ ಮೊದಲ ಪಾಠ. ದೊಡ್ಡ ಸಂಸ್ಥೆಯೊಳಗೆ ಹೊಸತನ ಹೇಗೆ ಬೇರೂರುತ್ತದೆ ಎಂಬ ವಿಷಯವನ್ನು ಕಂಪನಿಯೇ ಅಚ್ಚು ಹಾಕಿಸಿ ಕೊಟ್ಟಿತ್ತು. ಅದರಲ್ಲಿ ಇದ್ದಷ್ಟನ್ನು ಓದಿ ಹೇಳಿದಳು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದಳು. ಯಾರೂ ಏನೂ ಕೇಳಲಿಲ್ಲ.