ತಿಮ್ಮಣ್ಣನವರ ಒಂದೇ ಒಂದು ಡೈಲಾಗು

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾಸ್ ಸ್ಟೌ ರಿಪೇರಿ ಮಾಡುವ ತಿಮ್ಮಣ್ಣನವರನ್ನು ‘ಸ್ಟೌ ರಿಪೇರಿಯವರೇ’ ಅಂತ ಕರೆದರೆ ತಿರುಗಿಯೂ ನೋಡುವುದಿಲ್ಲ. ‘ಫಿಲ್ಮ್ ಆಕ್ಟರ್’ ಅನ್ನಬೇಕು. ಸುಳ್ಳೇನೂ ಅಲ್ಲ. ಶೃಂಗೇರಿ, ಎನ್.ಆರ್. ಪುರದ ಕಡೆ ಯಾವ ಕ್ಯಾಮೆರಾ ಬಂದರೂ ಇವರು ಅಂಗಡಿಯ ಶಟರ್ ಎಳೆದು ಹೋಗಿ ನಿಂತಿದ್ದಾರೆ. ಒಂದು ಸಿನಿಮಾದಲ್ಲಿ ಹೆಣ, ಇನ್ನೊಂದರಲ್ಲಿ ಹೆಣ ಹೊರುವವರು. ಮತ್ತೊಂದರಲ್ಲಿ ಮದುವೆಯೂಟಕ್ಕೆ ಕೂತು, ನಿಜವಾಗಿಯೂ ಉಂಡು, ಶಾಟ್ ನಡುವೆಯೇ ಎರಡನೇ ಸಲ ಸಾರು ಕೇಳಿ ಬೈಸಿಕೊಂಡರು. ಮಾತು ಮಾತ್ರ ಒಂದರಲ್ಲೂ ಸಿಗಲಿಲ್ಲ. ಆ ಸಂಕಟ ನಮಗೆ ತಮಾಷೆ, ಅವರಿಗಲ್ಲ.

“ಒಂದೇ ಒಂದು ಡೈಲಾಗ್ ಕೊಡ್ಲಿ ಮಾರಾಯ, ಆಮೇಲೆ ಸತ್ರೂ ಅಡ್ಡಿಲ್ಲ” ಎನ್ನುತ್ತಿದ್ದರು. ಸಾಯುವುದು ಹೇಗೂ ಅಭ್ಯಾಸವಾಗಿತ್ತಲ್ಲ.

ಕಳೆದ ವರ್ಷ ನೆಮ್ಮಾರಿನಲ್ಲಿ ಶೂಟಿಂಗ್ ನಡೆದಾಗ ದೇವರು ಕಣ್ಣು ಬಿಟ್ಟ. ದೊಡ್ಡ ಹೀರೊ ಈಶಾನ ಹೆಣ್ಣು ಕೇಳಲು ಬರುತ್ತಾನೆ, ಹುಡುಗಿಯ ಅಪ್ಪನಾದ ತಿಮ್ಮಣ್ಣ “ಜಗಲಿ ಇಳಿಯೋ!” ಎಂದು ಗುಡುಗಬೇಕು. ಅಷ್ಟೇ. ವಾರವಿಡೀ ರಿಪೇರಿಗೆ ಬಂದ ಸ್ಟೌಗಳ ಮೇಲೆಲ್ಲ ಗುಡುಗಿದರು. ಕೇಳಿ ಕೇಳಿ ಹೆಂಡತಿ ತ್ರಿಪುರಸುಂದರಿಗೆ ತಲೆ ಚಿಟ್ಟು ಹಿಡಿಯಿತು.

ಆ ದಿನ ಈಶಾನ ಬೆವರು ಸುರಿಸುತ್ತ ಜಗಲಿ ಹತ್ತಿದ. ನಮ್ಮ ಕಡೆ ಬಾಗಿಲಿಗೆ ಬಂದವನು ಶತ್ರುವಾದರೂ ಕುಡಿಯಲು ಏನು ಬೇಕೆಂದು ಮೊದಲು ಕೇಳಬೇಕು. ತಿಮ್ಮಣ್ಣನವರ ಬಾಯಿ ತಾನಾಗಿಯೇ ತೆರೆಯಿತು.

“ಬನ್ನಿ ಬನ್ನಿ. ಆಸರಿಗೆ ಎಂತ ಬೇಕು?”

ಕಟ್. ಎರಡನೇ ಸಲ ಕಣ್ಣು ಕೆಂಪಗೆ ಮಾಡಿಕೊಂಡು ಅಬ್ಬರಿಸಿದರು: “ಮಜ್ಜಿಗೆ ಅಡ್ಡಿಲ್ವಾ?” ಮೂರನೇ ಸಲ “ಜಗಲಿ...” ಎಂದು ಸರಿಯಾಗಿಯೇ ಶುರು ಮಾಡಿ, ಹುಡುಗನ ಒಣಗಿದ ತುಟಿ ನೋಡಿ, “ಜಗಲಿ ಮೇಲೆ ಒಳ್ಳೆ ಗಾಳಿ ಬರುತ್ತೆ, ಇಲ್ಲೇ ಕೂತ್ಕಳಿ” ಎಂದರು.

ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ಶೂಟಿಂಗ್ ನೋಡಲು ಬಂದಿದ್ದ ತ್ರಿಪುರಸುಂದರಿಗೆ ತಡೆಯಲಾಗಲಿಲ್ಲ.

“ಇಷ್ಟು ಹೇಳಕ್ಕೆ ಎಂತ ಕಷ್ಟ ನಿಮಗೆ?” ಎಂದು ಜನರನ್ನು ತಳ್ಳಿಕೊಂಡು ಬಂದು, ಹೀರೊನ ಮುಖಕ್ಕೇ ಬೆರಳು ತೋರಿಸಿದರು. “ಜಗಲಿ ಇಳಿಯೋ! ಕಾಲು ಮುರಿದು ಕೈಗೆ ಕೊಡ್ತೀನಿ!”

ಈಶಾನ ನಿಜವಾಗಿಯೂ ಇಳಿದ. ನಿರ್ದೇಶಕ ಎದ್ದು ನಿಂತ.

“ಅಪ್ಪ ಬೇಡ. ಅಮ್ಮ ಇರಲಿ.”

ತಿಮ್ಮಣ್ಣನವರ ಕೈಗೆ ನೀರಿನ ಚೊಂಬು ಕೊಟ್ಟು ಹಿಂದೆ ನಿಲ್ಲಿಸಿದರು. ಶಾಟ್ ಮುಗಿದ ಮೇಲೆ ಅವರು ಜನರೇಟರ್ ವ್ಯಾನಿನ ಹಿಂದೆ ಹೋಗಿ ಅತ್ತರು. ಜೀವಮಾನವೆಲ್ಲ ಅವರನ್ನು ಆಡಿಕೊಂಡ ನನಗೂ ಆಗ ನಗು ಬರಲಿಲ್ಲ.

ಸಿನಿಮಾ ಬಂತು. ಆ ಗುಡುಗು ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಮೊನ್ನೆ ಎನ್.ಆರ್. ಪುರದಿಂದ ದೀಕ್ಷಾ ಎಂಬ ಕಾಲೇಜು ಹುಡುಗಿ ಸೆಲ್ಫಿ ತೆಗೆಸಿಕೊಳ್ಳಲು ಅವರ ಮನೆ ಹುಡುಕಿಕೊಂಡು ಬಂದಳು.

“ಫಿಲ್ಮ್ ಆಕ್ಟರ್ ಮನೆ ಇದೇ ಅಲ್ವಾ ಅಂಕಲ್?”

ತಿಮ್ಮಣ್ಣ ಅಭ್ಯಾಸಬಲದಿಂದ ಎದೆಯುಬ್ಬಿಸಿದರು. ಹುಡುಗಿ ಅವರ ಭುಜದಾಚೆ ಒಳಗೆ ಇಣುಕುತ್ತಿದ್ದಳು.

“ಹೌದು ಕೂಸೆ, ಇದೇ. ಕರೀತೀನಿ, ಕೂತ್ಕ” ಎಂದರು. “ಆಸರಿಗೆ ಎಂತ ಬೇಕು?”