ಮಾಸ್ತರರ ಕೀಲಿ ಹುಚ್ಚು

ಇಳಕಲ್ಲಿನ ನಿವೃತ್ತ ಮಾಸ್ತರ ವ್ಯಾಸರಾಜರಿಗೆ ಕೀಲಿಯ ಮುಂದೆ ಊಟವೂ ಬೇಡ. ಕಳ್ಳರಿಗೂ ಬಗ್ಗದಂಥ ತುಟ್ಟಿ ಕೀಲಿ ತಂದು, ಅದರ ಜೊತೆ ಬಂದ ಕೀಲಿಕೈ ಬದಿಗಿಟ್ಟು, ಹಲ್ಲು ಕೊರೆಯದ ಬೋಳು ಕೀಲಿಕೈ ತೂರಿಸಿ ಅಲುಗಿಸಿ, ಆ ಬೋಳು ಕೈ ಮೇಲೆ ಮೂಡಿದ ಗೀರನ್ನು ಭೂತಗನ್ನಡಿಯಲ್ಲಿ ಹುಡುಕಿ, ಅಲ್ಲಷ್ಟೇ ಅರದಿಂದ ತಿಕ್ಕಿ ತಿಕ್ಕಿ ಕೀಲಿ ತೆರೆಯುವಂತೆ ಹಲ್ಲು ಮೂಡಿಸುವರು. ನೆಂಟರು ಬಂದರೂ ತಲೆ ಎತ್ತರು, ಕೀಲಿ ತೆರೆದರೆ ಮಾತ್ರ, "ಸೋತ್ಯಲ್ಲೋ ಮಗನ!" ಎಂದು ಅದರ ಬೆನ್ನು ತಟ್ಟುವರು. ಗಂಡನ ಹೊಡೆತ ತಾಳದೆ ತವರಿಗೆ ಬಂದ ಮಗಳು ಶುಭದಾ ತನ್ನ ಕೋಣೆಯ ಬಾಗಿಲಿಗೆ ಹಾಕಿಸಿದ ಹೊಸ ಕೀಲಿಯನ್ನೂ ಬಿಡಲಿಲ್ಲ. ತಾವೇ ಮಾಡಿದ ಕೀಲಿಕೈಯಿಂದ ಬಾಗಿಲು ತೆರೆದು ಹಿಗ್ಗಿ ನಿಂತರೆ, ಒಳಗಿದ್ದ ಮಗಳು ಚೀರಿ ಗೋಡೆಗೆ ಒತ್ತಿಕೊಂಡಳು. "ಹೆದರಬ್ಯಾಡವಾ, ನಾ ನಿಮ್ಮಪ್ಪ!" "ಅಪ್ಪಾ, ನೀವು ತೆಗದ್ರಿ ಅಂದ್ರ ಅವರೂ ತೆಗೀತಾರಲ್ಲ!" ಬಾಗಿಲಿಗೆ ಒಳಗಿನಿಂದ ಅಡ್ಡ ಹಾಕಲು ಗಟ್ಟಿ ಕಟ್ಟಿಗೆ ಹುಡುಕುತ್ತ ಮಾಸ್ತರರು ಹಿತ್ತಲಿಗೆ ನಡೆದರು.